ಹ್ಯಾಮ್ಲೆಟ್ ನಿಜವಾಗಿ ತಡ ಮಾಡಿದನೇ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಮೊದಲ ಅಂಕದಲ್ಲೇ ಡೆನ್ಮಾರ್ಕಿನ ರಾಜಕುಮಾರ ಹ್ಯಾಮ್ಲೆಟ್‌ನ ಸತ್ತ ತಂದೆಯ ಪ್ರೇತ ಬಂದು, ಕೊಲೆಗಾರ ಯಾರೆಂದು ಹೇಳಿಹೋಗುತ್ತದೆ, ಉಳಿದ ನಾಲ್ಕು ಅಂಕ ಈ ರಾಜಕುಮಾರ ಮಾಡುವುದಾದರೂ ಏನು ಎಂದು ಕೇಳಿದ್ದೀಯ. ಈ ನಾಟಕ ಓದಿದವರಲ್ಲಿ ಈ ಪ್ರಶ್ನೆ ಕೇಳದವರು ಕಡಿಮೆ. ಉತ್ತರಗಳಿಗೂ ಬರವಿಲ್ಲ. ಇಂಗ್ಲಿಷ್ ಕವಿ, ವಿಮರ್ಶಕ ಕೋಲ್‌ರಿಜ್ ಅತಿಯಾದ ಯೋಚನೆಯೇ ಇವನ ರೋಗ ಎಂದ. ಮನೋವಿಶ್ಲೇಷಣೆಯ ಫ್ರಾಯ್ಡ್ 1900ರಲ್ಲಿ ತಾಯಿಯ ಮೇಲಿನ ಒಳಮನಸ್ಸಿನ ಆಸೆಯನ್ನು ಮುಂದಿಟ್ಟ. 1948ರ ಸಿನಿಮಾದಲ್ಲಿ ಲಾರೆನ್ಸ್ ಒಲಿವಿಯೆ, ಇದು ಮನಸ್ಸು ಗಟ್ಟಿ ಮಾಡಿಕೊಳ್ಳಲಾರದವನ ದುರಂತ ಎಂದು ಶುರುವಿನಲ್ಲೇ ಹೇಳಿ ಮುಗಿಸುತ್ತಾನೆ. ಇವೆಲ್ಲ ತಪ್ಪು ಅಂತಲ್ಲ. ಒಂದೇ ಕಾರಣ ಹಿಡಿದು ಹೊರಟರೆ ಅದಕ್ಕೆ ಹೊಂದದ ದೃಶ್ಯಗಳು ಕಣ್ಣಿಗೆ ಬೀಳುವುದೇ ಇಲ್ಲ, ತೊಂದರೆ ಅದು.

ಅದಕ್ಕೇ ‘ಏಕೆ ತಡ ಮಾಡಿದ’ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡು. ಈ ಗಳಿಗೆಯಲ್ಲಿ ಇವನಿಗೆ ಏನು ಗೊತ್ತಿದೆ, ಈ ಮಾತು ಯಾರ ಮುಂದೆ ಆಡುತ್ತಿದ್ದಾನೆ, ಮುಂದಿನ ದೃಶ್ಯದಲ್ಲಿ ಏನು ಮಾಡುತ್ತಾನೆ, ಈ ಮೂರನ್ನು ಕೇಳಿಕೊಳ್ಳುತ್ತಾ ಓದು. ಪೆನ್ಸಿಲ್ ಇಟ್ಟುಕೋ. ಒಬ್ಬನೇ ಇದ್ದಾಗ ಆಡಿದ ಮಾತಿಗೆ ಒಂದು ಗುರುತು ಹಾಕು, ಬೇರೆಯವರ ಎದುರು ಆಡಿದ್ದಕ್ಕೆ ಇನ್ನೊಂದು. ಆ ಕಾಲದ ರಂಗಭೂಮಿಯಲ್ಲಿ ಸ್ವಗತ ಹೇಳುವವನು ಸಾಮಾನ್ಯವಾಗಿ ಪ್ರೇಕ್ಷಕರಿಗೆ ಸುಳ್ಳು ಹೇಳುವುದಿಲ್ಲ. ತನ್ನ ಬಗ್ಗೆ ತಾನೇ ತಪ್ಪು ತಿಳಿದಿರಬಹುದು, ಅದು ಬೇರೆ ಮಾತು.

ಅಭ್ಯಾಸಕ್ಕೆ ಮೊದಲು ಹ್ಯಾಮ್ಲೆಟ್‌ನ ಚಿಕ್ಕಪ್ಪ, ಅಣ್ಣನನ್ನು ಕೊಂದು ಅತ್ತಿಗೆಯನ್ನು ಮದುವೆಯಾದ ದೊರೆ ಕ್ಲಾಡಿಯಸ್‌ನನ್ನು ತೆಗೆದುಕೋ, ಹ್ಯಾಮ್ಲೆಟ್‌ನನ್ನಲ್ಲ. ಕ್ಲಾಡಿಯಸ್‌ನ ಲೆಕ್ಕ ಸ್ಪಷ್ಟ. ಮೊದಲ ಅಂಕದಲ್ಲಿ ತುಂಬಿದ ಸಭೆಯಲ್ಲಿ ಅಣ್ಣನ ಮಗನನ್ನು ‘ಸಿಂಹಾಸನಕ್ಕೆ ಎಲ್ಲರಿಗಿಂತ ಹತ್ತಿರದವನು’ ಎಂದು ಕರೆಯುತ್ತಾನೆ, ಆದರೆ ಅವನು ಓದುತ್ತಿದ್ದ ವಿಟೆನ್‌ಬರ್ಗಿಗೆ ವಾಪಸು ಹೋಗಲು ಬಿಡುವುದಿಲ್ಲ. ಕಣ್ಣಳತೆಯಲ್ಲಿ ಇರಲಿ ಅಂತ. ಎರಡನೇ ಅಂಕದಲ್ಲಿ ಹಳೆಯ ಗೆಳೆಯರಿಬ್ಬರನ್ನು ಕರೆಸಿ ಗೂಢಚಾರಿಕೆಗೆ ಹಚ್ಚುತ್ತಾನೆ. ಮೂರನೇ ಅಂಕದ ಮೊದಲ ದೃಶ್ಯದಲ್ಲಿ, ಹ್ಯಾಮ್ಲೆಟ್ ಮತ್ತು ಅವನು ಪ್ರೀತಿಸಿದ ಒಫೀಲಿಯಾರ ಮಾತನ್ನು ಕದ್ದು ಕೇಳಿದ ಮೇಲೆ, ಕಪ್ಪ ವಸೂಲಿಯ ನೆಪದಲ್ಲಿ ಇಂಗ್ಲೆಂಡಿಗೆ ಕಳಿಸುವ ತೀರ್ಮಾನ ಮಾಡುತ್ತಾನೆ. ಗಮನಿಸು, ದೊರೆಯನ್ನು ಪರೀಕ್ಷಿಸಲು ಹ್ಯಾಮ್ಲೆಟ್ ಆಡಿಸುವ ಅರಮನೆಯ ನಾಟಕ ಇನ್ನೂ ನಡೆದಿಲ್ಲ. ಕೊಲ್ಲಿಸುವ ಮಾತು ಅವನ ಬಾಯಲ್ಲಿ ಬರುವುದು ನಾಲ್ಕನೇ ಅಂಕದಲ್ಲಿ, ಪರದೆಯ ಹಿಂದೆ ಅಡಗಿದ್ದ ಒಫೀಲಿಯಾಳ ತಂದೆ, ಮಂತ್ರಿ ಪೊಲೋನಿಯಸ್‌ನನ್ನು ಹ್ಯಾಮ್ಲೆಟ್ ಇರಿದು ಕೊಂದ ನಂತರ. ಆ ಪರದೆಯ ಹಿಂದೆ ತಾನಿದ್ದಿದ್ದರೆ ತನಗೂ ಅದೇ ಗತಿ ಎಂದು ಅಷ್ಟರಲ್ಲಿ ಅವನಿಗೆ ಹೊಳೆದಿದೆ. ಹೆದರಿಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕ್ರಮವೂ ಬಿಗಿಯಾಗುತ್ತದೆ. ಮೊದಲಿನಿಂದಲೇ ಕ್ರೂರವಾಗಿ ಓದಿದರೆ ಈ ಏರಿಕೆಯೇ ಕೈತಪ್ಪುತ್ತದೆ.

ಅವನು ಏಕೆ ಕೊಂದ? ಪ್ರಾರ್ಥನೆಯ ದೃಶ್ಯದಲ್ಲಿ ಒಬ್ಬನೇ ಇದ್ದಾಗ ಅವನೇ ಪಟ್ಟಿ ಕೊಡುತ್ತಾನೆ: ಕಿರೀಟ, ತನ್ನ ಮಹತ್ವಾಕಾಂಕ್ಷೆ, ತನ್ನ ರಾಣಿ. ಇದೇ ಅನುಕ್ರಮದಲ್ಲಿ. ಪಾಪದಿಂದ ದಕ್ಕಿದ್ದನ್ನು ಕೈಯಲ್ಲಿ ಇಟ್ಟುಕೊಂಡೇ ಕ್ಷಮೆ ಕೇಳಬಹುದೇ ಎಂಬುದು ಅವನ ಸಂಕಟ. ಮುಂದೆ ಪೊಲೋನಿಯಸ್‌ನ ಮಗ ಲಾಯರ್ಟೀಸ್‌ನ ಎದುರು, ರಾಣಿ ತನ್ನ ಪ್ರಾಣಕ್ಕೂ ಆತ್ಮಕ್ಕೂ ಬೆಸೆದುಕೊಂಡಿದ್ದಾಳೆ ಎನ್ನುತ್ತಾನೆ. ಅದು ಸುಳ್ಳೆಂದಲ್ಲ, ಆದರೆ ಆಗ ಅವನಿಗೆ ಲಾಯರ್ಟೀಸ್‌ನನ್ನು ಒಲಿಸಿಕೊಳ್ಳಬೇಕಿದೆ. ಆದ್ದರಿಂದ ಸ್ವಗತದ ಪಟ್ಟಿಗೆ ಹೆಚ್ಚು ತೂಕ ಕೊಡು.

ಇನ್ನೊಂದು ಸಂಗತಿ ಹಿನ್ನೆಲೆಯಲ್ಲಿ ಇರಲಿ. ಡೆನ್ಮಾರ್ಕಿನಲ್ಲಿ 1660ರವರೆಗೂ ದೊರೆಯನ್ನು ಆರಿಸುತ್ತಿದ್ದರು, ತಂದೆಯ ನಂತರ ಮಗನೇ ಎಂಬ ಕಟ್ಟಾ ನಿಯಮ ಇರಲಿಲ್ಲ. ಸಭೆಯ ಕಣ್ಣಿಗೆ ಕ್ಲಾಡಿಯಸ್ ನ್ಯಾಯವಾಗಿ ಆಯ್ಕೆಯಾದ ದೊರೆ. ಪಟ್ಟ ಕೈತಪ್ಪಿದ ನೋವು ಹ್ಯಾಮ್ಲೆಟ್‌ಗೆ ಇದ್ದೇ ಇದೆ, ಆದರೆ ಸ್ವಗತಗಳಲ್ಲಿ ಅದರ ಸುದ್ದಿಯಿಲ್ಲ. ಮೂರನೇ ಅಂಕದಲ್ಲಿ, ಗೂಢಚಾರಿಕೆಗೆ ಬಂದ ಹಳೆಯ ಗೆಳೆಯರಲ್ಲೊಬ್ಬನಾದ ರೋಸೆನ್‌ಕ್ರಾಂಟ್ಸ್‌ಗೆ ‘ನನಗೆ ಬಡ್ತಿ ಸಿಕ್ಕಿಲ್ಲ’ ಎಂದು ಹಾರಿಕೆಯಾಗಿ ಹೇಳುತ್ತಾನೆ. ಐದನೇ ಅಂಕದಲ್ಲಿ ಹೊರೇಷಿಯೊನ ಎದುರು ಮಾತ್ರ ಬಾಯಿಬಿಡುತ್ತಾನೆ: ಆಯ್ಕೆಗೂ ನನ್ನ ಆಸೆಗೂ ನಡುವೆ ಇವನು ನುಸುಳಿಕೊಂಡ. ನಂಬಿಗಸ್ತ ಗೆಳೆಯನಿಗೆ ಹೇಳಿದ ಮಾತಾದ್ದರಿಂದ ಅದನ್ನು ಸ್ವಗತದ ಪಕ್ಕದಲ್ಲೇ ಇಡಬಹುದು.

ಈಗ ಪ್ರೇತ. ಅದು ಕೇಳಿದ್ದು ಒಂದಲ್ಲ. ಕೊಲೆಗೆ ಸೇಡು ತೀರಿಸು, ಡೆನ್ಮಾರ್ಕಿನ ರಾಜಶಯ್ಯೆ ವ್ಯಭಿಚಾರದ ಹಾಸಿಗೆಯಾಗದಂತೆ ನೋಡಿಕೋ, ಆದರೆ ನಿನ್ನ ಮನಸ್ಸು ಕೆಡಬಾರದು, ತಾಯಿಗೆ ಕೇಡು ಬಗೆಯಬೇಡ, ಅವಳನ್ನು ದೇವರಿಗೆ ಬಿಡು, ನನ್ನನ್ನು ನೆನೆ. ಕೊಲ್ಲು, ಆದರೆ ಮನಸ್ಸು ಕೆಡಿಸಿಕೊಳ್ಳಬೇಡ ಅಂದರೆ ಹೇಗೆ ಮಾರಾಯ? ಎಷ್ಟೋ ಜನ ಮೊದಲ ಆಜ್ಞೆಯೊಂದನ್ನೇ ಹಿಡಿದು ಇವನನ್ನು ಸೋಮಾರಿ ಎನ್ನುತ್ತಾರೆ. ಮೇಲಾಗಿ ಆ ಪ್ರೇತ ತಾನು ಬಂದ ಜಾಗವನ್ನು ವರ್ಣಿಸುವ ರೀತಿ ಕ್ಯಾಥೊಲಿಕರ ಪರ್ಗೆಟರಿಯನ್ನು, ಅಂದರೆ ಪಾಪ ಸುಟ್ಟುಹೋಗುವ ತನಕ ಆತ್ಮ ಬೇಯಬೇಕಾದ ಜಾಗವನ್ನು ಹೋಲುತ್ತದೆ. ಎಲಿಜಬೆತ್ ಕಾಲದ ಇಂಗ್ಲೆಂಡಿನ ಚರ್ಚು ಅಂಥ ಜಾಗವೇ ಇಲ್ಲ ಎನ್ನುತ್ತಿತ್ತು. ಹ್ಯಾಮ್ಲೆಟ್ ಓದಿದ ವಿಟೆನ್‌ಬರ್ಗ್, ಕ್ಯಾಥೊಲಿಕ್ ಚರ್ಚಿನ ವಿರುದ್ಧ ನಿಂತ ಲೂಥರನ ಊರು. ತಂದೆಯ ರೂಪದಲ್ಲಿ ಬಂದದ್ದು ಸೈತಾನನೇ ಇರಬಹುದು ಎಂಬ ಅವನ ಅನುಮಾನ ಅಂದಿನ ಪ್ರೇಕ್ಷಕರಿಗೆ ಕುಂಟುನೆಪದಂತೆ ಕೇಳಿಸಬೇಕಾಗಿರಲಿಲ್ಲ. ಸಾಕ್ಷಿ ಹುಡುಕುವುದು ಇಂಥ ಸೇಡಿನ ನಾಟಕಗಳ ರೂಢಿಯೂ ಹೌದು. ಇದಕ್ಕಿಂತ ಮೊದಲಿನ, 1592ರಲ್ಲಿ ಅಚ್ಚಾದ ಥಾಮಸ್ ಕಿಡ್‌ನ ‘ದಿ ಸ್ಪ್ಯಾನಿಷ್ ಟ್ರ್ಯಾಜಿಡಿ’ಯಲ್ಲೂ ಮಗನನ್ನು ಕಳೆದುಕೊಂಡ ಹಿರೋನಿಮೋ, ರಕ್ತದಲ್ಲಿ ಬರೆದ ಪತ್ರ ಕೈಗೆ ಬಂದರೂ ನಂಬುವುದಿಲ್ಲ. ಎರಡನೇ ಪತ್ರ ಸಿಕ್ಕ ಮೇಲೆಯೇ ಅವನಿಗೆ ಖಾತ್ರಿ.

ಆದರೆ ಹ್ಯಾಮ್ಲೆಟ್ ಒಡ್ಡಿದ ಪರೀಕ್ಷೆಯಲ್ಲಿ ಒಂದು ಲೋಪವಿದೆ. ನಟರ ನಾಟಕಕ್ಕೆ ಹನ್ನೆರಡೋ ಹದಿನಾರೋ ಸಾಲು ತಾನೇ ಬರೆದು ಸೇರಿಸುತ್ತೇನೆ ಎನ್ನುತ್ತಾನೆ. ಅದರಲ್ಲಿ ಮಲಗಿದ ದೊರೆಯ ಕಿವಿಗೆ ವಿಷ ಹೊಯ್ಯುವವನು ಲೂಸಿಯಾನಸ್. ಅವನು ದೊರೆಯ ತಮ್ಮನಲ್ಲ, ದೊರೆಯ ಅಣ್ಣತಮ್ಮಂದಿರ ಮಗ. ಹಾಗೆಂದು ಹ್ಯಾಮ್ಲೆಟ್‌ನೇ ಕೂಗಿ ಹೇಳುತ್ತಾನೆ. ಸಭೆಗೆ ಕಾಣುವುದು ಹಿಂದೆ ನಡೆದ ಕೊಲೆಯಲ್ಲ, ಮುಂದೆ ನಡೆಯಬಹುದಾದ ಕೊಲೆ: ಅಣ್ಣನ ಮಗ ದೊರೆಯನ್ನು ಬೆದರಿಸುತ್ತಿದ್ದಾನೆ. ಕ್ಲಾಡಿಯಸ್ ಎದ್ದು ಹೋದದ್ದು ಪಾಪಪ್ರಜ್ಞೆಯಿಂದಲೋ ಈ ಬೆದರಿಕೆಯಿಂದಲೋ? ಹೊರೇಷಿಯೊನನ್ನು ಕೇಳಿದರೆ ‘ಚೆನ್ನಾಗಿ ಗಮನಿಸಿದೆ’ ಎನ್ನುತ್ತಾನೆ, ಅಷ್ಟೇ. ಅದಕ್ಕೂ ಮೊದಲು ನಡೆಯುವ ಮೂಕಾಭಿನಯದಲ್ಲಿ ಇದೇ ಕೊಲೆ ಕಂಡರೂ ದೊರೆ ಮಿಸುಕಲಿಲ್ಲ ಎಂಬುದನ್ನೂ ಮರೆಯಬೇಡ. ನಮಗೆ ಅನುಮಾನವಿಲ್ಲ, ಏಕೆಂದರೆ ನಾಟಕದ ಮುಂಚೆಯೇ ಪೊಲೋನಿಯಸ್‌ನ ಒಂದು ಮಾತು ತಾಗಿ ದೊರೆ ತನ್ನಷ್ಟಕ್ಕೇ ತಪ್ಪೊಪ್ಪಿಕೊಂಡದ್ದನ್ನು ಕೇಳಿದ್ದೇವೆ. ಹ್ಯಾಮ್ಲೆಟ್ ಅದನ್ನು ಕೇಳಿಲ್ಲ. ನಮಗೆ ಗೊತ್ತಿರುವುದನ್ನೆಲ್ಲ ಅವನ ತಲೆಗೆ ಕಟ್ಟಿ, ಇನ್ನೂ ಏಕೆ ಸುಮ್ಮನಿದ್ದಾನೆ ಎಂದು ಕೇಳುವುದು ಓದುಗರು ಅತಿ ಹೆಚ್ಚು ಮಾಡುವ ತಪ್ಪು.

ಪ್ರಾರ್ಥನೆಯ ದೃಶ್ಯವನ್ನು ನಿಧಾನವಾಗಿ ಓದು. ದೊರೆ ಮೊಣಕಾಲೂರಿದ್ದಾನೆ, ಬೆನ್ನ ಹಿಂದೆ ಕತ್ತಿ ಹಿಡಿದ ಹ್ಯಾಮ್ಲೆಟ್, ಕಾವಲಿನವರಿಲ್ಲ. ಈಗ ಕೊಂದರೆ ಪ್ರಾರ್ಥನೆಯಲ್ಲಿ ಇರುವವನು ಸ್ವರ್ಗಕ್ಕೆ ಹೋಗುತ್ತಾನೆ, ಕುಡಿದು ಮಲಗಿದಾಗಲೋ ಸಿಟ್ಟಿನಲ್ಲಿ ಇದ್ದಾಗಲೋ ವ್ಯಭಿಚಾರದ ಹಾಸಿಗೆಯಲ್ಲೋ ಕೊಂದರೆ ನೇರ ನರಕಕ್ಕೆ ಹೋಗುತ್ತಾನೆ ಎಂದು ಕತ್ತಿಯನ್ನು ಒರೆಗೆ ಸೇರಿಸುತ್ತಾನೆ. 1765ರಲ್ಲಿ ವಿಮರ್ಶಕ ಡಾಕ್ಟರ್ ಜಾನ್ಸನ್‌ಗೆ ಈ ಮಾತು ಓದಲೂ ಆಡಲೂ ಆಗದಷ್ಟು ಘೋರವೆನಿಸಿತು. ಕೋಲ್‌ರಿಜ್ ಇದನ್ನು ನೆಪ ಎಂದ. ನಾನು ಜಾನ್ಸನ್ ಕಡೆ. ಇದು ಸ್ವಗತ, ಇಲ್ಲಿ ಯಾರನ್ನೂ ನಂಬಿಸಬೇಕಾದ ಅಗತ್ಯವಿಲ್ಲ. ಪ್ರೇತದ ಕೊರಗೂ ಇದೇ ಆಗಿತ್ತು: ಪಾಪನಿವೇದನೆ ಇಲ್ಲದೆ, ಕೊನೆಯ ಸಂಸ್ಕಾರವಿಲ್ಲದೆ, ಪಾಪಗಳ ಹೊರೆ ಹೊತ್ತುಕೊಂಡೇ ಸತ್ತೆ. ಮಗನಿಗೆ ಬೇಕಿರುವುದು ಅದೇ ಅಳತೆಯ ಮುಯ್ಯಿ, ಬರೀ ಸಾವಲ್ಲ. ಕೈ ಬಾರದವನು ಇವನಲ್ಲ ಎಂಬುದಕ್ಕೆ ಮುಂದಿನ ದೃಶ್ಯವೇ ಪುರಾವೆ. ತಾಯಿಯ ಕೋಣೆಯಲ್ಲಿ ಪರದೆಯ ಹಿಂದೆ ಸದ್ದಾದದ್ದೇ ತಡ, ದೊರೆಯೇ ಇರಬೇಕೆಂದು ಇರಿದೇಬಿಡುತ್ತಾನೆ. ಮೊಣಕಾಲೂರಿದ್ದವನನ್ನು ಈಗಷ್ಟೇ ಬಿಟ್ಟು ಬಂದೆನಲ್ಲ, ಅವನು ನನಗಿಂತ ಮೊದಲು ಇಲ್ಲಿಗೆ ಹೇಗೆ ಬಂದಾನು ಎಂದು ಒಂದು ಕ್ಷಣವೂ ಯೋಚಿಸುವುದಿಲ್ಲ. ಇತ್ತ ಅವನು ಹೊರಟ ಮೇಲೆ ಕ್ಲಾಡಿಯಸ್ ಎದ್ದು, ಮಾತು ಮೇಲೆ ಹೋದರೂ ಮನಸ್ಸು ಕೆಳಗೇ ಉಳಿಯಿತು ಎನ್ನುತ್ತಾನೆ. ಪ್ರಾರ್ಥನೆ ಆಗಿರಲೇ ಇಲ್ಲ. ಕೊಂದಿದ್ದರೆ ಹ್ಯಾಮ್ಲೆಟ್ ಬಯಸಿದ್ದೇ ಆಗುತ್ತಿತ್ತೇನೋ.

ಹ್ಯಾಮ್ಲೆಟ್ ಹಾಕುವ ಹುಚ್ಚಿನ ವೇಷ ಅರ್ಥವಾಗಬೇಕಾದರೆ ಮೂಲಕಥೆಗೆ ಹೋಗಬೇಕು. ಸುಮಾರು 1200ರ ಹೊತ್ತಿಗೆ ಡೆನ್ಮಾರ್ಕಿನ ಇತಿಹಾಸಕಾರ ಸ್ಯಾಕ್ಸೋ ಗ್ರಾಮಾಟಿಕಸ್ ಬರೆದ ಕಥೆಯಲ್ಲಿ ಕೊಲೆ ಎಲ್ಲರಿಗೂ ಗೊತ್ತಿದ್ದ ಸಂಗತಿ. ತನ್ನನ್ನೂ ಕೊಲ್ಲದಿರಲಿ ಎಂದು ಹುಡುಗ ಪೆದ್ದನಂತೆ ನಟಿಸುತ್ತಾನೆ, ಸರಿಯಾದ ಕಾರಣವೇ. ಶೇಕ್ಸ್‌ಪಿಯರ್ ಕೊಲೆಯನ್ನು ಗುಟ್ಟು ಮಾಡಿದ, ಹುಚ್ಚನ್ನು ಹಾಗೇ ಉಳಿಸಿಕೊಂಡ. ಈಗ ಆ ವೇಷ ರಕ್ಷಣೆ ಕೊಡುವುದಿಲ್ಲ, ಬದಲಿಗೆ ದೊರೆಯ ಕಣ್ಣನ್ನು ತನ್ನ ಮೇಲೆ ಸೆಳೆಯುತ್ತದೆ. ಪಾತ್ರದ ಉದ್ದೇಶ ಎಂದು ನಾವು ತಲೆಕೆಡಿಸಿಕೊಳ್ಳುವ ಕೆಲವು ಸಂಗತಿಗಳು ಹೀಗೆ ಹಳೆಯ ಕಥೆಯಿಂದ ಉಳಿದುಬಂದವು. ಆದರೂ ಆ ವೇಷದ ಮರೆಯಲ್ಲಿ ಹ್ಯಾಮ್ಲೆಟ್ ನಿಜ ಮಾತಾಡುತ್ತಾನೆ. ಸಭೆಯಲ್ಲಿ ಅವನಿಗೆ ಸಿಕ್ಕ ಸ್ವಾತಂತ್ರ್ಯ ಅದೊಂದೇ.

ಲಾಯರ್ಟೀಸ್ ವಿಷಯ ಸುಲಭ. ಅವನೂ ತಂದೆಯನ್ನು ಕಳೆದುಕೊಂಡ ಮಗ. ವೈರಿಯ ಕತ್ತನ್ನು ಚರ್ಚಿನಲ್ಲೇ ಕೊಯ್ಯುತ್ತೇನೆ ಎನ್ನುತ್ತಾನೆ, ಪ್ರಾರ್ಥನೆಯ ದೃಶ್ಯದ ಪಕ್ಕದಲ್ಲಿಟ್ಟು ನೋಡು. ಸುದ್ದಿ ಕೊಟ್ಟವನು ಕ್ಲಾಡಿಯಸ್, ಅದನ್ನು ಇವನು ಪರೀಕ್ಷಿಸುವ ಗೋಜಿಗೇ ಹೋಗುವುದಿಲ್ಲ. ಅವಸರದ ಸೇಡು ಬೇಕು ಎನ್ನುವವರು ಇವನ ಗತಿಯನ್ನೂ ಒಮ್ಮೆ ನೋಡಲಿ. ಆದರೆ ಅವನು ದೊರೆಯ ಕೈಗೊಂಬೆ ಮಾತ್ರ ಎನ್ನಬೇಡ, ಕತ್ತಿಗೆ ಸವರುವ ವಿಷವನ್ನು ಮೊದಲೇ ಕೊಂಡಿಟ್ಟುಕೊಂಡವನು ಅವನೇ.

ಹ್ಯಾಮ್ಲೆಟ್‌ನ ತಾಯಿ, ರಾಣಿ ಗರ್ಟ್ರೂಡ್‌ಗೆ ಕೊಲೆಯ ವಿಷಯ ಗೊತ್ತಿತ್ತೇ? ಇಲ್ಲಿ ನಿನ್ನ ಕೈಯಲ್ಲಿ ನಾಟಕದ ಯಾವ ಹಳೆಯ ಮುದ್ರಣದ ಪಾಠವಿದೆ ಎಂಬುದರ ಮೇಲೆ ಉತ್ತರ ನಿಂತಿದೆ. 1603ರ ಮೊದಲ ಮುದ್ರಣ ಚಿಕ್ಕದು, ದೋಷಗಳೂ ಬಹಳ. ಅದರಲ್ಲಿ ರಾಣಿ ತನಗೇನೂ ಗೊತ್ತಿರಲಿಲ್ಲ ಎಂದು ಆಣೆ ಮಾಡಿ, ಮಗನಿಗೆ ನೆರವಾಗುವುದಾಗಿ ಮಾತು ಕೊಡುತ್ತಾಳೆ. 1604–05ರ ಮುದ್ರಣದಲ್ಲೂ ಶೇಕ್ಸ್‌ಪಿಯರ್ ನಾಟಕಗಳ 1623ರ ಸಂಪುಟದಲ್ಲೂ ಅದಿಲ್ಲ. ದೊರೆಯನ್ನು ಕೊಂದದ್ದೇ ಎಂದು ಬೆಚ್ಚಿ ಕೇಳುತ್ತಾಳೆ, ಅಷ್ಟು ಬಿಟ್ಟರೆ ಮೌನ. ಅವಳಿಗೆ ಒಂದು ಸ್ವಗತವೂ ಇಲ್ಲ. ಸತ್ತ ಗಂಡನ ತಮ್ಮನನ್ನು ಮದುವೆಯಾಗುವುದನ್ನು ಅಂದಿನ ಚರ್ಚು ರಕ್ತಸಂಬಂಧದ ಪಾಪವೆಂದೇ ಎಣಿಸುತ್ತಿತ್ತು. ಎಂಟನೇ ಹೆನ್ರಿ ಅಣ್ಣನ ವಿಧವೆ ಕ್ಯಾಥರೀನಳೊಂದಿಗಿನ ಮದುವೆಯನ್ನು 1533ರಲ್ಲಿ ರದ್ದು ಮಾಡಿಸಿದ್ದು ಇದೇ ವಾದದ ಮೇಲೆ. ಹ್ಯಾಮ್ಲೆಟ್‌ನ ಬೈಗುಳ ಬರೀ ಹೊಟ್ಟೆಯುರಿಯಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಮುದ್ರಣದ ಪ್ರಶ್ನೆ ಹ್ಯಾಮ್ಲೆಟ್‌ಗೂ ತಟ್ಟುತ್ತದೆ. ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್‌ನ ಸೈನ್ಯ ಕಂಡು, ಕಾರಣ, ಮನಸ್ಸು, ಬಲ ಎಲ್ಲ ಇದ್ದೂ ಇನ್ನೂ ಏಕೆ ಮಾಡಿಲ್ಲವೋ ನನಗೇ ತಿಳಿಯದು ಎಂದು ಹಳಿದುಕೊಳ್ಳುವ ಪ್ರಸಿದ್ಧ ಸ್ವಗತ 1604–05ರದ್ದು. 1623ರ ಸಂಪುಟದಲ್ಲಿ ಅದು ಇಲ್ಲವೇ ಇಲ್ಲ. ‘ತಡ ಮಾಡಿದ’ ಎಂಬ ಆರೋಪಕ್ಕೆ ದೊಡ್ಡ ಸಾಕ್ಷಿ ಅದೇ. ಅದನ್ನು ತೆಗೆದರೆ ಹ್ಯಾಮ್ಲೆಟ್ ಸಾಕಷ್ಟು ಚುರುಕಾಗಿ ಕಾಣುತ್ತಾನೆ. ಆ ಗಳಿಗೆಯಲ್ಲಿ ಅವನು ಕಾವಲಿನಲ್ಲಿ ಇಂಗ್ಲೆಂಡಿಗೆ ಹೊರಟವನು, ಮಾಡಲಿಕ್ಕಾದರೂ ಏನಿತ್ತು?

ಕೊನೆಯ ದೃಶ್ಯಕ್ಕೆ ಬರುವ ಹೊತ್ತಿಗೆ ತನ್ನ ತಲೆ ತೆಗೆಯಬೇಕೆಂಬ ದೊರೆಯ ಮುದ್ರೆಯೊತ್ತಿದ ಆಜ್ಞಾಪತ್ರ ಅವನ ಕೈಸೇರಿದೆ. ಬೇರೆಯವರಿಗೆ ತೋರಿಸಬಹುದಾದ ಮೊದಲ ಲಿಖಿತ ಸಾಕ್ಷಿ ಅದು. ಅದೂ ತಂದೆಯ ಕೊಲೆಗಲ್ಲ, ತನ್ನ ಮೇಲಿನ ಸಂಚಿಗೆ. ಆಮೇಲೆ, ಲಾಯರ್ಟೀಸ್ ಜೊತೆಗಿನ ಕತ್ತಿವರಸೆಯ ನಡುವೆ, ಹ್ಯಾಮ್ಲೆಟ್‌ಗೆಂದು ಇಟ್ಟಿದ್ದ ವಿಷದ ಬಟ್ಟಲನ್ನು ರಾಣಿ ಎತ್ತುತ್ತಾಳೆ. ಕುಡಿಯಬೇಡ ಎಂದು ಕ್ಲಾಡಿಯಸ್ ಹೇಳುತ್ತಾನೆ, ಆದರೆ ಕೈ ಹಿಡಿದು ತಡೆಯುವುದಿಲ್ಲ. ಪಟ್ಟಿಯಲ್ಲಿ ಕಿರೀಟ ಮೊದಲು, ರಾಣಿ ಕೊನೆಗೆ ಇದ್ದದ್ದು ನೆನಪಿದೆಯಲ್ಲ. ಸಾಯುತ್ತಿರುವ ಲಾಯರ್ಟೀಸ್ ಎಲ್ಲರೆದುರು ದೊರೆಯ ಕಡೆ ಬೆರಳು ತೋರಿಸಿದ ಮೇಲೆ ಹ್ಯಾಮ್ಲೆಟ್ ಇರಿಯುತ್ತಾನೆ. ಅಷ್ಟಾದರೂ ಸಭೆ ಕೂಗುವುದು ‘ರಾಜದ್ರೋಹ’ ಎಂದು. ಆಗ ಅವನ ಬಾಯಿಂದ ಬರುವ ಮಾತು ಗಮನಿಸು: ಪಾಪಿ, ಕೊಲೆಗಾರ ಎನ್ನುತ್ತಾನೆ, ನನ್ನ ತಾಯಿಯ ಹಿಂದೆ ಹೋಗು ಎನ್ನುತ್ತಾನೆ. ತಂದೆಯ ಹೆಸರು ಎತ್ತುವುದೇ ಇಲ್ಲ.

ಮುಂದಿನ ಸಲ ಒಫೀಲಿಯಾ ಬಗ್ಗೆ ಬರೆಯುತ್ತೇನೆ. ಅವಳಿಗೆ ಎರಡು ಸಾಲು ಸಾಲದು. ಅಷ್ಟರಲ್ಲಿ ಮೂರನೇ ಅಂಕದ ಮೊದಲ ದೃಶ್ಯವನ್ನು ಅವಳ ಕಡೆಯಿಂದ ಓದಿಟ್ಟಿರು. ‘ನಿನ್ನ ತಂದೆ ಎಲ್ಲಿ’ ಎಂದು ಹ್ಯಾಮ್ಲೆಟ್ ಕೇಳಿದಾಗ ತಂದೆ ಅಲ್ಲೇ ಅಡಗಿ ಕೇಳುತ್ತಿದ್ದರೂ ‘ಮನೆಯಲ್ಲಿ’ ಎನ್ನುತ್ತಾಳಲ್ಲ, ಆ ಸುಳ್ಳು ಅವಳು ಯಾರಿಗಾಗಿ ಹೇಳಿದ್ದು ಎಂದು ನಿನಗನ್ನಿಸುತ್ತದೋ ಬರೆ.

ನಿನ್ನ ಗೆಳೆಯ