ಕರ್ತೃಪದದ ಬೆನ್ನು ಹಿಡಿ

ಚಿ. ಮೈತ್ರಿಗೆ ಆಶೀರ್ವಾದಗಳು.

ಬ್ರಿಟನ್ನಿನ ಆಳ್ವಿಕೆಯಿಂದ ಬೇರೆಯಾಗುತ್ತೇವೆಂದು ಸಾರಿದ ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯ ಮೇಲೆ ನೀನು ಬರೆದದ್ದನ್ನು ಓದಿದೆ. ಅಲಂಕಾರಗಳ ಹೆಸರೆಲ್ಲ ಸರಿಯಾಗಿವೆ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಮಾತು ಯಾಕೆ ನಾಟಿತು ಅನ್ನುವುದು ಗೊತ್ತಾಗುವುದಿಲ್ಲ ಮಗಳೇ. ಪೆನ್ಸಿಲ್ ಹಿಡಿದು ಇನ್ನೊಮ್ಮೆ ಕೂತುಕೋ. ಪ್ರತಿ ವಾಕ್ಯದ ಕರ್ತೃಪದಕ್ಕಷ್ಟೇ ಗೆರೆ ಎಳೆ.

ಆರಂಭದಲ್ಲಿ ಮನುಷ್ಯರು, ಹಕ್ಕುಗಳು, ಸರ್ಕಾರಗಳು, ಹೀಗೆ ಎಲ್ಲರಿಗೂ ಸಲ್ಲುವ ಮಾತು. ಕ್ಷುಲ್ಲಕ ಕಾರಣಕ್ಕೆ ಹಳೆಯ ಸರ್ಕಾರವನ್ನು ಬದಲಿಸಬಾರದು ಎಂದು, ಎದುರಾಳಿ ಆಡಬೇಕಾದ ಮಾತನ್ನೂ ಘೋಷಣೆ ಬರೆದವರು ತಾವೇ ಆಡಿಬಿಡುತ್ತಾರೆ. ಆಮೇಲೆ ‘ಅವನು’ ಬರುತ್ತಾನೆ. ಘೋಷಣೆಯಲ್ಲಿ ಪಟ್ಟಿಮಾಡಿದ 27 ದೂರುಗಳಲ್ಲಿ 18 ಶುರುವಾಗುವುದೇ ಬ್ರಿಟನ್ನಿನ ದೊರೆ ಮೂರನೇ ಜಾರ್ಜನನ್ನು ಸೂಚಿಸುವ ಆ ಪದದಿಂದ. ಪಾರ್ಲಿಮೆಂಟ್ ಎಂಬ ಪದ ಎಲ್ಲೂ ಇಲ್ಲ. ದೊರೆ ‘ಇತರರ’ ಜೊತೆ ಸೇರಿಕೊಂಡ ಎಂಬ ದೂರಿನ ಆ ‘ಇತರರು’ ಎಂಬುದರಲ್ಲಿ ಅದು ಅಡಗಿದೆ. ಸಭೆಯೊಂದರ ಮೇಲೆ ಸಿಟ್ಟು ಹಂಚಿಹೋಗುತ್ತದೆ, ಒಬ್ಬನ ಮೇಲಾದರೆ ನಿಲ್ಲುತ್ತದೆ. ಒಪ್ಪಿಗೆಯಿಲ್ಲದೆ ತೆರಿಗೆ ಹೇರಿದ ದೂರು, ಅಷ್ಟು ಹೆಸರಾದದ್ದು, 17ನೆಯದಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಅದನ್ನೇ ಮುಂದಿಟ್ಟಿದ್ದರೆ ಇಡೀ ಜಗಳ ಹಣದ್ದಾಗಿ ಕಾಣುತ್ತಿತ್ತು ಎಂದು ನನ್ನ ಎಣಿಕೆ.

24ನೆಯ ದೂರನ್ನು ಗಟ್ಟಿಯಾಗಿ ಓದು: ಅವನು ನಮ್ಮ ಕಡಲುಗಳನ್ನು ಸೂರೆಗೈದ, ನಮ್ಮ ಕರಾವಳಿಯನ್ನು ಹಾಳುಗೆಡವಿದ, ನಮ್ಮ ಊರುಗಳನ್ನು ಸುಟ್ಟ, ನಮ್ಮ ಜನರ ಪ್ರಾಣ ತೆಗೆದ. ಕಡಲು, ದಡ, ಊರು, ಪ್ರಾಣ: ಕೇಡು ಮನೆಬಾಗಿಲಿಗೆ ನಡೆದು ಬರುತ್ತಿದೆ. ಈ ಕ್ರಮ ತಪ್ಪಿಸಿ ಓದಿ ನೋಡು, ಸಪ್ಪೆಯಾಗುತ್ತದೆ. ಮುಂದಿನ ದೂರಿನಲ್ಲಿ ಕ್ರಿಯಾಪದ ಭೂತಕಾಲ ಬಿಟ್ಟು ‘ಈ ಹೊತ್ತಿನಲ್ಲೇ’ ಸೈನ್ಯ ಕಳಿಸುತ್ತಿದ್ದಾನೆ ಎಂದು ವರ್ತಮಾನಕ್ಕೆ ಹೊರಳುತ್ತದೆ.

ಕನ್ನಡದಲ್ಲಿ ಉದ್ಧರಿಸುವಾಗ ಒಂದು ಎಚ್ಚರ. ನಮ್ಮಲ್ಲಿ ಕ್ರಿಯಾಪದವೇ ಕರ್ತೃವನ್ನು ಹೇಳುವುದರಿಂದ ‘ಅವನು’ ಕೈಬಿಡುವುದು ರೂಢಿ. ಇಲ್ಲಿ ಬಿಡಬೇಡ, ಬಿಟ್ಟರೆ ಸುತ್ತಿಗೆಯ ಪೆಟ್ಟೇ ಹೋಯಿತು.

ದೂರುಗಳನ್ನು ಹಾಗೇ ಇತಿಹಾಸವೆಂದು ಎತ್ತಿಕೊಂಡಿದ್ದೀಯಲ್ಲ, ಅದನ್ನು ತಿದ್ದು. ಅಲ್ಲಿ ಇಸವಿಯಿಲ್ಲ, ಕಾಯ್ದೆಯ ಹೆಸರಿಲ್ಲ. ಹಾಗಾಗಿ ಒಂದೊಂದನ್ನೇ ಅಲ್ಲಗಳೆಯುವುದು ಕಷ್ಟ. ಕೊನೆಯ ದೂರು ಮೂಲನಿವಾಸಿಗಳನ್ನು ‘ಕರುಣೆಯಿಲ್ಲದ ಅನಾಗರಿಕರು’ ಎನ್ನುತ್ತದೆ. ಎಲ್ಲರೂ ಸಮಾನರೆಂದ ಅದೇ ಪತ್ರ ಇದು. ಘೋಷಣೆಯ ಮೊದಲ ಕರಡು ಬರೆದ ಜೆಫರ್ಸನ್ ಅದರಲ್ಲಿ ಗುಲಾಮರ ವ್ಯಾಪಾರವನ್ನು ದೊರೆಯ ತಲೆಗೆ ಕಟ್ಟಿದ್ದ ಭಾಗವನ್ನು, ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಹೊಡೆದುಹಾಕಿತು. ಈ ಎರಡಕ್ಕೂ ನಿನ್ನ ಬರಹದಲ್ಲಿ ಜಾಗ ಬೇಕು. ಅಲಂಕಾರಗಳ ಪಟ್ಟಿಯನ್ನು ಅರ್ಧಕ್ಕಿಳಿಸಿದರೆ ಸಿಗುತ್ತದೆ.

ತಿದ್ದಿದ ಮೇಲೆ ಕಳಿಸು.

ನಿನ್ನ ದೊಡ್ಡಪ್ಪ