ಹಳೆಯ ಗೊಂಬೆಗೆ ವಿಶ್ರಾಂತಿ, ಆಟಕ್ಕೆ ಹೊಸದು

ಮಾನ್ಯರೇ,

ಹಳೆಯ ತೊಗಲು ಗೊಂಬೆಗಳನ್ನು ಉಳಿಸಿಕೊಂಡೇ ಆಟ ನಡೆಸುವುದನ್ನು ನಾವು ಥಾಯ್ಲೆಂಡಿನಿಂದ ಕಲಿಯಬೇಕು. ಅಲ್ಲಿನ ಗೊಂಬೆಯಾಟದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿ ಇದನ್ನು ಬರೆಯುತ್ತಿದ್ದೇನೆ.

ರಾಚಬುರಿ ಪ್ರಾಂತ್ಯದ ವಾಟ್ ಖನೊನ್ ಎಂಬ ಬೌದ್ಧ ದೇವಾಲಯದಲ್ಲಿ ‘ನಂಗ್ ಯಾಯ್’ ಆಟದ 313 ಹಳೆಯ ಗೊಂಬೆಗಳಿವೆ. ನಂಗ್ ಯಾಯ್ ಅಂದರೆ ದೊಡ್ಡ ತೊಗಲು. ಹಸುವಿನ ಚರ್ಮದಲ್ಲಿ ಸಣ್ಣ ಸಣ್ಣ ತೂತು ಕೊರೆದು ರಾಮ, ಹನುಮಂತ, ರಾವಣರನ್ನು ಮೂಡಿಸಿದ್ದಾರೆ. ಈ ಗೊಂಬೆಗಳ ಕೈಕಾಲು ಆಡುವುದಿಲ್ಲ. ಎತ್ತಿ ಹಿಡಿದವರೇ ಪರದೆಯ ಹಿಂದೆ, ಮುಂದೆ ಕುಣಿಯುತ್ತಾರೆ. ಎಷ್ಟು ಚೆಂದ! ರಾಜಕುಮಾರಿ ಸಿರಿಂಧೋರ್ನ್ ಅವರ ಆಸಕ್ತಿಯಿಂದ ಹಳೆಯವನ್ನು ನೋಡಿಕೊಂಡು ಹೊಸ ಗೊಂಬೆ ಮಾಡಿಸಲಾಯಿತು. ಈಗ ಹಳೆಯವು ಮ್ಯೂಸಿಯಂನಲ್ಲಿ, ಹೊಸವು ಆಟಕ್ಕೆ. ಹೊಸದನ್ನು ಕೆತ್ತಲು ಬಲ್ಲ ಕೈ ಬೇಕು, ಹಾಗಾಗಿ ಕಸುಬೂ ಉಳಿಯುತ್ತದೆ ಅಲ್ವಾ?

ನಮ್ಮಲ್ಲಿ ತೊಗಲು ಗೊಂಬೆ ಆಡಿಸುವ ಕಿಳ್ಳೇಕ್ಯಾತರ ಮನೆಗಳಲ್ಲೂ ಅಜ್ಜ, ಮುತ್ತಜ್ಜರ ಕಾಲದ ಗೊಂಬೆಗಳಿವೆ. ಕೊಪ್ಪಳ ಜಿಲ್ಲೆಯ ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಬಹಳ ಸಂತೋಷ. ಇಂಥ ಕುಟುಂಬಗಳಿಗೆ ಹೊಸ ಗೊಂಬೆ ಮಾಡಿಕೊಳ್ಳಲು ಚರ್ಮ, ಬಣ್ಣ, ಕೂಲಿಯ ಹಣವನ್ನು ಸರ್ಕಾರ ಕೊಡಲಿ. ಹಳೆಯವು ಅವರದೇ ಹೆಸರಿನಲ್ಲಿ, ಅವರ ಜಿಲ್ಲೆಯಲ್ಲೇ ಜೋಪಾನವಾಗಿರಲಿ.

– ಓದುಗ, ಧಾರವಾಡ