ಪಂಪ್ ಕೂರಿಸುವ ಮೊದಲು ನಲ್ಲಿಯ ಬಾಯಿ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಸಾಕು, ‘ಪ್ರೆಷರ್ ಪಂಪ್ ಹಾಕಿಸಿಬಿಡಿ’ ಅನ್ನುತ್ತಾರೆ. ನಮ್ಮ ಮನೆಗೆ ಬಂದ ಪ್ಲಂಬರ್ ಕೂಡ ಬಾತ್‌ರೂಮಿನ ಬಾಗಿಲಲ್ಲೇ ನಿಂತು ಅದನ್ನೇ ಹೇಳಿದರು. ಒಂದು ನಲ್ಲಿಯನ್ನೂ ಬಿಚ್ಚಿ ನೋಡಲಿಲ್ಲ. ನನಗೆ ಬೇಸರವಾಗಿದ್ದು ಅದಕ್ಕೇ.

ನಮ್ಮತ್ತೆಗೆ ಮಂಡಿ ನೋವು. ಸ್ಟೂಲಿನ ಮೇಲೆ ಕೂತು ಸ್ನಾನ ಮಾಡುತ್ತಾರೆ. 10 ಲೀಟರಿನ ಬಕೆಟ್ ತುಂಬಲು ನಾಲ್ಕೂವರೆ ನಿಮಿಷ ಹಿಡಿಯುತ್ತಿತ್ತು. ಫೋನಿನಲ್ಲಿ ಟೈಮ್ ಇಟ್ಟೇ ನೋಡಿದ್ದೇನೆ. ಅಷ್ಟು ಹೊತ್ತೂ ಅವರು ಒದ್ದೆ ಮೈಯಲ್ಲಿ ನಡುಗುತ್ತಾ ಕೂತಿರಬೇಕಿತ್ತು.

ಕೊನೆಗೆ ಒಂದು ಭಾನುವಾರ ನಾನೇ ಹುಡುಕಲು ಕೂತೆ. ಮೊದಲು ನೋಡಬೇಕಾದದ್ದು ಇಷ್ಟೇ: ತೊಂದರೆ ಒಂದು ನಲ್ಲಿಯಲ್ಲೋ, ಎಲ್ಲದರಲ್ಲೋ? ಒಂದರಲ್ಲೇ ಆದರೆ ದೋಷ ಆ ನಲ್ಲಿಯ ಆಸುಪಾಸಿನಲ್ಲೇ ಇರುತ್ತದೆ. ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರ್ ಕಡೆ ನೋಡಬೇಕು. ಎಲ್ಲ ಕಡೆಯೂ ಹಾಗೇ ಇದ್ದರೆ ಟ್ಯಾಂಕಿನಿಂದ ಇಳಿಯುವ ಪೈಪು, ಅದರ ವಾಲ್ವ್. ನಮ್ಮಲ್ಲಿ ಎಲ್ಲ ನಲ್ಲಿಯೂ ಸಣ್ಣ, ಅಡುಗೆಮನೆಯದು ಇನ್ನೂ ಸಣ್ಣ. ಅಂದರೆ ದೋಷ ಎರಡಿರಬೇಕು ಅಂತ ಅನ್ನಿಸಿತು.

ಅಡುಗೆಮನೆ ನಲ್ಲಿಯ ತುದಿಯಲ್ಲಿ ಒಂದು ಪುಟ್ಟ ಜಾಲರಿ ಇರುತ್ತದಲ್ಲ, ಏರೇಟರ್ ಅನ್ನುತ್ತಾರೆ, ಅದಕ್ಕೆ ಬಟ್ಟೆ ಸುತ್ತಿ ಇಕ್ಕಳದಿಂದ ತಿರುಗಿಸಿದೆ. ಕಳಚಿ ಅಂಗೈಗೆ ಬಿತ್ತು. ಒಳಗೆ ಬಿಳಿ ಸುಣ್ಣದ ಚೂರುಗಳು, ಸಣ್ಣ ಮರಳು, ಯಾವುದೋ ಹಳೇ ವಾಷರಿನ ಕಪ್ಪು ರಬ್ಬರ್ ತುಣುಕು. ಜಾಲರಿಯ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ರಾತ್ರಿ ಪೂರ್ತಿ ವಿನೆಗರಿನಲ್ಲಿ ನೆನೆಹಾಕಿ, ಬೆಳಗ್ಗೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಗಡಸು ನೀರಿನ ಸುಣ್ಣ ವಿನೆಗರಿಗೆ ಕರಗುತ್ತದೆ. ಶವರಿನ ತೂತುಗಳಿಗೂ ಇದೇ ಮದ್ದು.

ಎಲ್ಲ ಕಡೆಯ ತೊಂದರೆಗೆ ಕಾರಣ ಮಹಡಿ ಮೇಲೆ ಸಿಕ್ಕಿತು. ಟ್ಯಾಂಕಿನ ಕೆಳಗೆ ನೀರು ಬಿಡಲು, ನಿಲ್ಲಿಸಲು ಇರುವ ಗೇಟ್ ವಾಲ್ವಿನ ಚಕ್ರ ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಲೇ ಇರಲಿಲ್ಲ. ಬೇರೊಬ್ಬ ಪ್ಲಂಬರನ್ನು ಕರೆಸಿ ಬಿಚ್ಚಿಸಿದಾಗ ಗೊತ್ತಾಯಿತು: ನೀರು ತಡೆಯುವ ಒಳಗಿನ ತಟ್ಟೆ, ಅಂದರೆ ಗೇಟು, ಚಕ್ರದ ಕಡ್ಡಿಯಿಂದ ಕಳಚಿ ದಾರಿಗೆ ಅಡ್ಡ ಬಿದ್ದಿತ್ತು. ಆ ವಾಲ್ವನ್ನೇ ತೆಗೆದು, ಒಳಗೆ ತೂತಿರುವ ಗುಂಡು ತಿರುಗುವ ಬಾಲ್ ವಾಲ್ವ್ ಹಾಕಿದರು. ಈಗ ಅತ್ತೆಯ ಬಕೆಟ್ ಒಂದು ನಿಮಿಷ ಆಗುವ ಮೊದಲೇ ತುಂಬುತ್ತದೆ. ಪಂಪ್ ಇಲ್ಲದೆ.

ಪಂಪ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್ (ಬಾರ್ ಅಂದರೆ ಒತ್ತಡದ ಅಳತೆ). ಮೇಲಿನ ಮಹಡಿಯ ಶವರಿಗೂ ಟ್ಯಾಂಕಿಗೂ 2 ಮೀಟರ್ ಅಂತರವಷ್ಟೇ ಇದ್ದರೆ ಸಿಗುವುದು 0.2 ಬಾರ್. ಅಂಥ ಕಡೆ ಟ್ಯಾಂಕ್ ಎತ್ತರಿಸಬೇಕು, ಇಲ್ಲವೇ ಪಂಪ್ ಹಾಕಬೇಕು. ಆದರೆ ಕಟ್ಟಿಕೊಂಡ ದಾರಿಗೆ ಪಂಪ್ ಹಾಕಿದರೆ ಆ ಕಸ ಅಲ್ಲೇ ಉಳಿಯುತ್ತದೆ. ತುಕ್ಕು ಹಿಡಿದ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ಜಾಯಿಂಟಿನಲ್ಲಿ ಸೋರಲು ಶುರುವಾಗಬಹುದು. ಮೀಟರಿನಿಂದ ಟ್ಯಾಂಕಿಗೆ ಹೋಗುವ ಪೈಪು ಈಗಾಗಲೇ ಸೋರುತ್ತಿದೆಯೋ ಅಂತ ಅನುಮಾನವಿದ್ದರೆ, ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ಬೀಳುವ ನೀರನ್ನೂ ಟ್ಯಾಂಕಿನ ಬಳಿಯೇ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮೀಟರ್ ನೋಡಿ. ಅಂಕಿ ಓಡಿದ್ದರೆ ಮೀಟರಿನಿಂದ ಟ್ಯಾಂಕಿನವರೆಗೆ ಎಲ್ಲೋ ನೀರು ಹೋಗುತ್ತಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಕೆಲವರು ಬೀದಿಯ ಪೈಪಿಗೇ ನೇರವಾಗಿ ಪಂಪ್ ಜೋಡಿಸಿ ಎಳೆಯುತ್ತಾರೆ. ಇದು ತಪ್ಪು. ಪಕ್ಕದ ಮನೆಗೆ ಹೋಗಬೇಕಾದ ನೀರು ನಿಂತುಹೋಗುತ್ತದೆ. ಅಷ್ಟೇ ಅಲ್ಲ, ಪೈಪಿನೊಳಗೆ ಒತ್ತಡ ಪೂರ್ತಿ ಇಳಿದಾಗ ಬಿರುಕುಗಳಿಂದ ಹೊರಗಿನ ಕೊಳಕು ನೀರು ಒಳಗೆ ಸೇರಬಹುದು. ಅದನ್ನು ಕುಡಿಯುವುದು ಇಡೀ ಬೀದಿಯ ಮಕ್ಕಳು.

ಪ್ಲಂಬರ್ ಅಣ್ಣಂದಿರಲ್ಲಿ ಒಂದು ಕೋರಿಕೆ. ಪಂಪ್ ಮಾತು ಎತ್ತುವ ಮೊದಲು ಆ ಜಾಲರಿ ಬಿಚ್ಚಿ, ವಾಲ್ವ್ ತಿರುಗಿಸಿ, ಬಕೆಟ್ ಇಟ್ಟು ಟೈಮ್ ನೋಡಿ. ಹುಡುಕಿದ್ದಕ್ಕೂ ಕೂಲಿ ಕೇಳಿ, ಖಂಡಿತ ಕೊಡುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು